ಮೌಲ್ವಿ ಕಂಡ ಮಾಲಿ

ಇಂಗ್ಲಿಷಿನ ‘ಪಾಲಿಮ್ಯಾತ್’ಗೆ ಉರ್ದು ಬಲ್ಲವರು ‘ಹಮಾದಾನ್’ ಎನ್ನುತ್ತಾರೆ, ಎಲ್ಲವನ್ನೂ ಅರಿತವನು. ಓದಿ ತಿಳಿದವನು ಆಲಿಮ್. ಅವನಿಗೂ ಮಿಗಿಲಾದವನು ಅಲ್ಲಾಮಾ. ಈ ಬಿರುದುಗಳು ಕಿವಿಗೆ ಬಿದ್ದಾಗಲೆಲ್ಲ ನನ್ನ ಮನಸ್ಸು ಔರಂಗಾಬಾದಿಗೆ, ಮೌಲ್ವಿ ಅಬ್ದುಲ್ ಹಕ್ಕರ ಬಳಿಗೆ ಹೋಗುತ್ತದೆ.

ಮೀರತ್ ಕಡೆಯ ಹಾಪುಡದವರು; ಅಲಿಗಢದಲ್ಲಿ ಓದಿ ನಿಜಾಮರ ಸೀಮೆಗೆ ಬಂದವರು. 1912ರಲ್ಲಿ ಉರ್ದುವಿನ ಏಳಿಗೆಗಾಗಿ ಇದ್ದ ‘ಅಂಜುಮನ್ ತರಕ್ಕಿ-ಎ-ಉರ್ದೂ’ ಸಂಸ್ಥೆಯ ಕಾರ್ಯದರ್ಶಿಯಾದರು. ಸಂಸ್ಥೆಯೇ ಅವರ ಬೆನ್ನ ಹಿಂದೆ ಅವರಿದ್ದ ಔರಂಗಾಬಾದಿಗೆ ಬಂತು. 1937ರಲ್ಲಿ ಅವರ ಇಂಗ್ಲಿಷ್–ಉರ್ದು ನಿಘಂಟು ಹೊರಬಂತು. ಜನ ಅವರನ್ನು ‘ಬಾಬಾ-ಎ-ಉರ್ದೂ’ ಎಂದೇ ಕರೆದರು.

ನಮ್ಮ ನೆಲದ ಋಣವೂ ಅವರ ಮೇಲಿದೆ, ಅವರ ಋಣ ನಮ್ಮ ಮೇಲೂ. ದಕ್ಷಿಣದ ಉರ್ದುವಾದ ದಖನಿಯನ್ನು ಒರಟು ಭಾಷೆಯೆಂದು ಉತ್ತರದ ಪಂಡಿತರು ಬದಿಗಿಟ್ಟಿದ್ದ ಕಾಲದಲ್ಲಿ ಅವರು ಹಳೆಯ ಹಸ್ತಪ್ರತಿಗಳನ್ನು ಹುಡುಕಿ ತೆಗೆದರು. ವಿಜಯಪುರದ ಆದಿಲ್‌ಶಾಹಿ ಆಸ್ಥಾನದ ಕವಿ ನುಸ್ರತಿಯ ಮೇಲೆ ಪುಸ್ತಕವನ್ನೇ ಬರೆದರು. ಕಲಬುರಗಿಯ ಸೂಫಿ ಸಂತ ಬಂದೇನವಾಜರ ಹೆಸರಿನಲ್ಲಿದ್ದ ‘ಮೇರಾಜುಲ್ ಆಶಿಕೀನ್’ ಅಚ್ಚಾದದ್ದೂ ಅವರಿಂದಲೇ. ಅದು ಬಂದೇನವಾಜರದೇ ಹೌದೇ ಎಂದು ಆಮೇಲಿನ ವಿದ್ವಾಂಸರು ತಕರಾರು ತೆಗೆದರು. ತಕರಾರಿಗಾದರೂ ಕೃತಿ ಕಣ್ಣೆದುರು ಇರಬೇಕಲ್ಲ.

ಇಷ್ಟೆಲ್ಲ ಇದ್ದರೂ ನನಗೆ ಅವರು ಪ್ರಿಯರಾದದ್ದು ‘ಚಂದ್ ಹಮ್ ಅಸರ್’ನಿಂದ. ತಮ್ಮ ಕಾಲದವರ ವ್ಯಕ್ತಿಚಿತ್ರಗಳ ಪುಸ್ತಕ ಅದು. ಉರ್ದುವಿನ ಮಹಾಕವಿ ಹಾಲಿ ಅಲ್ಲಿದ್ದಾರೆ. ಅವರ ಜೊತೆಗೇ ನಾಮದೇವನೂ ಇದ್ದಾನೆ. ಔರಂಗಾಬಾದಿನ ಬೀಬಿ ಕಾ ಮಕ್ಬರಾದ ತೋಟದ ಮಾಲಿ, ಊರು ಅಸ್ಪೃಶ್ಯವೆಂದು ದೂರವಿಟ್ಟ ಜಾತಿಯವನು. ಆ ತೋಟ ಅಬ್ದುಲ್ ಹಕ್ಕರ ಉಸ್ತುವಾರಿಯಲ್ಲಿತ್ತು. ಬರೆಯುತ್ತ ಕೂತವರು ತಲೆಯೆತ್ತಿದರೆ ನಾಮದೇವ ಕಾಣುತ್ತಿದ್ದ: ಪಾತಿ ಸರಿಮಾಡಿ, ನೀರುಣಿಸಿ, ಗಿಡವನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ, ತನ್ನಷ್ಟಕ್ಕೆ ನಗುತ್ತಿದ್ದ. ಮಕ್ಕಳಿಲ್ಲದವನು, ಗಿಡಗಳನ್ನೇ ಮಕ್ಕಳೆಂದುಕೊಂಡ. ಒಂದಕ್ಕೆ ರೋಗ ಬಂದರೆ ಅದು ಚೇತರಿಸಿಕೊಳ್ಳುವವರೆಗೆ ಅವನಿಗೆ ನೆಮ್ಮದಿಯಿಲ್ಲ. ಗಿಡಮೂಲಿಕೆಗಳ ಗುಣ ತಿಳಿದಿದ್ದ. ಜನ ತಮ್ಮ ಕೂಸುಗಳನ್ನು ಎತ್ತಿಕೊಂಡು ಅವನಲ್ಲಿಗೆ ಬರುತ್ತಿದ್ದರು, ಮದ್ದಿಗೆ ಅವನು ಕಾಸು ಮುಟ್ಟುತ್ತಿರಲಿಲ್ಲ. ಬರಗಾಲದಲ್ಲಿ ಬಾವಿ ಬತ್ತಿದಾಗ ದೂರದಿಂದ ನೀರು ಹೊತ್ತು ತಂದ. ಮೆಚ್ಚಿ ಇನಾಮು ಕೊಡಹೋದರೆ ಒಲ್ಲೆನೆಂದ. ಮಕ್ಕಳನ್ನು ಸಾಕಿದ್ದಕ್ಕೆ ಯಾರಾದರೂ ಇನಾಮು ಪಡೆಯುತ್ತಾರೆಯೇ?

ಒಂದು ದಿನ ಜೇನುನೊಣಗಳು ಎದ್ದವು. ಉಳಿದ ಮಾಲಿಗಳು ಓಡಿದರು. ಕೆಲಸದಲ್ಲಿ ಮುಳುಗಿದ್ದ ನಾಮದೇವನಿಗೆ ಅದರ ಪರಿವೆಯೇ ಇರಲಿಲ್ಲ. ನೊಣಗಳು ಅವನನ್ನು ಕಚ್ಚಿ ಕೊಂದವು.

ಸಾವಿರಾರು ಪದಗಳಿಗೆ ಅರ್ಥ ಕೂಡಿಸುತ್ತಿದ್ದ ಮೌಲ್ವಿಗೆ ಈ ಮಾಲಿಯ ಬೆರಳಿನಲ್ಲಿದ್ದ ತಿಳಿವು ಕಂಡಿತು. ಕನಿಕರದ ಒಂದು ಮಾತಿಲ್ಲದೆ, ಹಾಲಿಯ ಬಗ್ಗೆ ಬರೆದಷ್ಟೇ ಗೌರವದಿಂದ ಬರೆದರು. ವಿದ್ವತ್ತು ಎಂದು ನಾನು ಕೈಮುಗಿಯುವುದು ಈ ಕಣ್ಣಿಗೆ.

ಅಬ್ದುಲ್ ಹಕ್ 1961ರಲ್ಲಿ ಕರಾಚಿಯಲ್ಲಿ ತೀರಿಕೊಂಡರು. ಔರಂಗಾಬಾದಿನ ಮಾಲಿಯ ಕಥೆ ಪಾಕಿಸ್ತಾನದ ಶಾಲಾಮಕ್ಕಳ ಉರ್ದು ಪಾಠವಾಯಿತು. ಕನ್ನಡದ ಮಕ್ಕಳೂ ಅದನ್ನು ಓದಬೇಕೆಂಬುದು ನನ್ನಾಸೆ. ಎರಡೂ ಭಾಷೆ ಆಡುತ್ತ ಬೆಳೆದವರು ಕಲಬುರಗಿಯಲ್ಲಿ, ಬೀದರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಯಾರಾದರೂ ಇದನ್ನು ಕೈಗೆತ್ತಿಕೊಳ್ಳಲಿ.