ಮೆತ್ತಗಿದ್ದರೆ ಸಾಕೇ?

ನಾನು ಚಿಕ್ಕವಳಿದ್ದಾಗ ಮೆತ್ತನೆಯ ಬಟ್ಟೆಗೆ ಮರ್ಯಾದೆ ಇರಲಿಲ್ಲ. ಸೀರೆ ಮೆತ್ತಗಾಯಿತು ಎಂದರೆ ಅದಕ್ಕೆ ವಯಸ್ಸಾಯಿತು, ಇನ್ನು ಅದು ಬಾಣಂತಿ ಕೋಣೆಗೋ ಅಡುಗೆಮನೆಯ ಮಸಿಬಟ್ಟೆಯ ಮೊಳೆಗೋ ಸೇರಬೇಕಾದದ್ದು ಎಂದೇ ಅರ್ಥ. ಉಟ್ಟು ಹೊರಗೆ ಹೋಗುವ ಹತ್ತಿ ಸೀರೆ ಗರಿಗರಿಯಾಗಿ ಇರಲೇಬೇಕು. ಅನ್ನ ಬಸಿದ ಗಂಜಿಯನ್ನು ಸೋಸಿ, ನೀರು ಬೆರೆಸಿ, ಸೀರೆಯನ್ನು ಅದ್ದಿ ಒಣಹಾಕುತ್ತಿದ್ದೆವು. ಇನ್ನೂ ಸ್ವಲ್ಪ ಹಸಿ ಇರುವಾಗಲೇ ಅಕ್ಕ ಒಂದು ತುದಿ, ನಾನು ಒಂದು ತುದಿ ಹಿಡಿದು ಎಳೆದು, ಮಡಿಸಿ, ಹಾಸಿಗೆಯ ಕೆಳಗೆ ಇಟ್ಟುಬಿಟ್ಟರೆ ಬೆಳಗ್ಗೆ ಇಸ್ತ್ರಿಯ ಹಂಗೇ ಇಲ್ಲ. 1995ರಲ್ಲಿ ನಾನು ಶಾಲೆಗೆ ಸೇರಿದಾಗಲೂ ಗಂಜಿ ಹಾಕಿದ ಸೀರೆಯೇ ನಮ್ಮ ಸಮವಸ್ತ್ರ. ವರಾಂಡದಲ್ಲಿ ಅದರ ಸರಬರ ಸದ್ದು ಕೇಳಿದರೆ ಸಾಕು, ಏಳನೇ ತರಗತಿ ತಣ್ಣಗಾಗುತ್ತಿತ್ತು. ಬಿ.ಇಡಿ.ಯಲ್ಲಿ ಹೇಳಿಕೊಟ್ಟ ಯಾವ ಬೋಧನಾ ವಿಧಾನವೂ ಇಷ್ಟು ಬೇಗ ಫಲ ಕೊಟ್ಟದ್ದನ್ನು ನಾನು ಕಾಣೆ.

ಈಗ ನೋಡಿ, ದುಡ್ಡು ಕೊಟ್ಟು ಬಟ್ಟೆಯನ್ನು ಮೆತ್ತಗೆ ಮಾಡಿಕೊಳ್ಳುವ ಕಾಲ. 1959ರಲ್ಲಿ ಸರ್ಫ್ ಬಂತು, 1969ರಲ್ಲಿ ನಿರ್ಮಾ ಬಂತು. ಒಗೆಯುವ ಪುಡಿಯ ಮಟ್ಟಿಗೆ ನಮ್ಮ ಅಮ್ಮಂದಿರು ಅಲ್ಲಿಗೆ ತೃಪ್ತರಾಗಿದ್ದರು. ಈಗ ಒಗೆದಾದ ಮೇಲೆ ಹಾಕುವುದಕ್ಕೆಂದೇ ಇನ್ನೊಂದು. ಅಂಗಡಿಯಲ್ಲಿ ಸೋಪಿನ ಸಾಲಿನ ಪಕ್ಕದಲ್ಲೇ ನೀಲಿ, ಗುಲಾಬಿ ಬಣ್ಣದ ಬಾಟಲಿಗಳು. ಬಾಟಲಿ ದುಬಾರಿ ಎನ್ನುವವರಿಗೆ ಪುಟ್ಟ ಸ್ಯಾಶೆ. ಫ್ಯಾಬ್ರಿಕ್ ಕಂಡಿಷನರ್ ಎಂದು ಬರೆದಿರುತ್ತದೆ. ಟಿ.ವಿ.ಯಲ್ಲಿ ತಾಯಿಯೊಬ್ಬಳು ಟವೆಲಿಗೆ ಕೆನ್ನೆ ಒತ್ತಿ ಕಣ್ಣು ಮುಚ್ಚುತ್ತಾಳೆ. ಅವಳ ಮನೆಗೆ ಬೋರ್‌ವೆಲ್ ನೀರು ಬರುವುದಿಲ್ಲವೆಂದು ಕಾಣುತ್ತದೆ.

ನನಗೆ ಈ ಬಾಟಲಿಯ ಮೇಲೆ ಸಿಟ್ಟೂ ಇಲ್ಲ, ಭಕ್ತಿಯೂ ಇಲ್ಲ. ಅದರ ಗುಣ, ಅವಗುಣ ಎರಡನ್ನೂ ಒಂದೇ ತಿಂಗಳಲ್ಲಿ ತೋರಿಸಿಕೊಟ್ಟದ್ದು ನಮ್ಮ ಅತ್ತೆಯವರ ಹಾಸಿಗೆ.

ಅದಕ್ಕೆ ಮೊದಲು ನೀರಿನ ಮಾತು ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿಯಲ್ಲಿ. ಸ್ನಾನಕ್ಕೆ ಗಂಗೆ, ಕುಡಿಯಲು ತುಂಗೆ ಎಂದು ಹಿರಿಯರು ಹೇಳುತ್ತಾರೆ. ಬಟ್ಟೆ ಒಗೆಯುವುದಕ್ಕೂ ತುಂಗೆಯೇ ಎಂದು ಯಾರಾದರೂ ಹೆಂಗಸರು ಸೇರಿಸಬೇಕಿತ್ತು. ಚೂರು ಸೋಪಿಗೆ ರಾಶಿ ನೊರೆ. ನನ್ನನ್ನು ಕೊಟ್ಟದ್ದು ಚಿತ್ರದುರ್ಗಕ್ಕೆ. ಇಲ್ಲಿ ನಮ್ಮ ಬೋರ್‌ವೆಲ್ ನೀರಿನಲ್ಲಿ ಸೋಪು ತಿಕ್ಕಿ ತಿಕ್ಕಿ ಕೈ ಸೋತರೂ ನೊರೆ ಬಾರದು. ಹಾಲು ಒಡೆದಂತೆ ಬೆಳ್ಳನೆಯ ಗಸಿ ತೇಲುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ಆಗುವ ಗಸಿ ಅದು. ಅದೇ ಬಟ್ಟೆಯ ನೂಲಿನೊಳಗೆ ಕೂತುಬಿಡುತ್ತದೆ. ಮದುವೆಯಾದ ಹೊಸದರಲ್ಲಿ ತಂತಿಯ ಮೇಲಿಂದ ಟವೆಲು ತೆಗೆದರೆ ಹಪ್ಪಳ ಎತ್ತಿದ ಹಾಗಿತ್ತು. ಗಂಜಿ ಹಾಕುವ ಕೆಲಸವನ್ನು ಇಲ್ಲಿ ನೀರೇ ಮಾಡಿಕೊಡುತ್ತದಲ್ಲ ಎಂದು ಯಜಮಾನರ ಹತ್ತಿರ ಹೇಳಿದ್ದೆ. ಅವರಿಗೆ ಅದು ತಮಾಷೆ ಎಂದು ತಿಳಿಯಲಿಲ್ಲ.

2018ರಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಗ ಅವರಿಗೆ ಎಂಬತ್ತಮೂರು. ಮತ್ತೆ ಮೇಲೇಳಲಿಲ್ಲ. ಮಲಗಿದವರ ಚರ್ಮ ಹೇಗಾಗುತ್ತದೆಂದು ಆರೈಕೆ ಮಾಡಿದವರಿಗೇ ಗೊತ್ತು. ಈರುಳ್ಳಿಯ ಒಳಸಿಪ್ಪೆಯ ಹಾಗೆ, ಮುಟ್ಟುವುದಕ್ಕೇ ಹೆದರಿಕೆ. ಆಸ್ಪತ್ರೆಯ ನರ್ಸಮ್ಮ ಮನೆಗೆ ಕಳಿಸುವಾಗ ಹೇಳಿದ್ದು ಇಷ್ಟು: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಾಸಿದ ಬಟ್ಟೆ ಒರಟಾಗಿರಬಾರದು, ಮಡಿಕೆ ಬಿದ್ದಿರಬಾರದು, ಮೈಯಡಿಗೆ ಒದ್ದೆ ನಿಲ್ಲಬಾರದು. ಉಜ್ಜಿದರೂ ಹುಣ್ಣು, ಒದ್ದೆ ನಿಂತರೂ ಹುಣ್ಣು. ಒರಟಾಗಿರಬಾರದು ಎಂದು ಹೇಳುವುದು ಸುಲಭ. ನಮ್ಮ ಹಾಸುಬಟ್ಟೆಯೋ ಗೋಣಿಗೆ ತಮ್ಮ. ಹಗಲು ಶಾಲೆಯಲ್ಲಿ ಪಾಠ ಮಾಡುತ್ತಿದ್ದರೂ ಮನಸ್ಸೆಲ್ಲ ಅತ್ತೆಯ ಸೊಂಟದ ಹಿಂದಿನ ಆ ಕೆಂಪು ಮಚ್ಚೆಯ ಮೇಲೇ ಇರುತ್ತಿತ್ತು.

ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗಳು ಇದನ್ನು ನೋಡಿದಳು. "ಏನಮ್ಮಾ ಇದು, ಅಜ್ಜಿಗೆ ಇಂಥದ್ದು ಹಾಸ್ತೀಯಾ?" ಎಂದವಳೇ ಅಂಗಡಿಗೆ ಹೋಗಿ ದೊಡ್ಡ ಬಾಟಲಿ ತಂದಳು. ಹಾಸುಬಟ್ಟೆ, ಹೊದಿಕೆ, ಟವೆಲು, ಅಜ್ಜಿಯ ಸೀರೆ, ಅಡಿಗೆ ಹಾಸಲು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ ಹಳೆಯ ಸೀರೆಯ ತುಂಡುಗಳು, ಎಲ್ಲವನ್ನೂ ಅದರಲ್ಲಿ ಅದ್ದಿ ತೆಗೆದಳು. ಮನೆ ಘಮಘಮ.

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಹಾಸುಬಟ್ಟೆ ಅಂದು ಬಾಳೆಯ ಸುಳಿಯಾಗಿತ್ತು. ಕೈಯಾಡಿಸಿದರೆ ಎಲ್ಲೂ ತಡೆಯುತ್ತಿರಲಿಲ್ಲ. ಮಗ್ಗುಲು ಬದಲಿಸುವಾಗ ಅತ್ತೆ "ಅಯ್ಯಪ್ಪಾ" ಎನ್ನುವುದು ಕಡಿಮೆಯಾಯಿತು. ಒಂದು ವಾರದಲ್ಲಿ ಆ ಕೆಂಪು ತಿಳಿಯಾಯಿತು. ಹಗಲೂ ರಾತ್ರಿ ಮಗ್ಗುಲು ಬದಲಿಸಿದ್ದರ ಪಾಲು ಅದರಲ್ಲಿ ಎಷ್ಟೋ, ಆದರೆ ನುಣುಪಾದ ಬಟ್ಟೆಗೆ ಸಲ್ಲಬೇಕಾದ ಪಾಲನ್ನು ಇಲ್ಲವೆನ್ನಲಾರೆ.

ಅಡ್ಡಿಯಾದದ್ದು ಅಡಿಗೆ ಹಾಸುವ ತುಂಡುಗಳಲ್ಲಿ. ನಲವತ್ತು ವರ್ಷ ಉಟ್ಟು ಒಗೆದ ಹತ್ತಿ ಸೀರೆ, ನೀರು ಕಂಡರೆ ಗಟಗಟನೆ ಕುಡಿಯುವಂಥದ್ದು. ಈಗ ನೋಡಿದರೆ ಒದ್ದೆಯನ್ನು ಒಳಗೆ ಬಿಟ್ಟುಕೊಳ್ಳಲು ಅದಕ್ಕೆ ಮನಸ್ಸೇ ಇಲ್ಲ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಮೇಲೇ ಹರಡಿ, ಪಕ್ಕಕ್ಕೆ ಇಳಿದು, ಬೆನ್ನೆಲ್ಲ ತೋಯಿಸುತ್ತಿತ್ತು. ಮೈ ಒರೆಸುವ ಟವೆಲಿನದೂ ಅದೇ ಕತೆ. ಒರೆಸಿದರೆ ನೀರು ಈ ಭುಜದಿಂದ ಆ ಭುಜಕ್ಕೆ ಹೋಗುತ್ತಿತ್ತೇ ಹೊರತು ಟವೆಲಿಗೆ ಬರುತ್ತಿರಲಿಲ್ಲ.

ಇನ್ನೊಂದು ಸಂಗತಿ ನಾವು ಯಾರೂ ಎಣಿಸದಿದ್ದದ್ದು. ಅತ್ತೆಗೆ ಕಣ್ಣು ಮಂಜಾಗಿತ್ತು. ಹೊಸದಾಗಿ ಒಗೆದ ಸೀರೆ ಉಡಿಸಹೋದರೆ ಸೆರಗನ್ನು ಮೂಗಿಗೆ ಹಿಡಿದು, "ಇದು ಯಾರ್ದೇ? ನಂದಲ್ಲ ಇದು" ಎಂದರು. "ನಿಮ್ದೇ ಅತ್ತೆ, ಆ ಹಸಿರು ಅಂಚಿಂದು" ಎಂದರೂ ಒಪ್ಪಲಿಲ್ಲ. "ಯಾರ ಮನೆ ಸೀರೆನೋ ಉಡಿಸ್ತಿದೀಯ" ಎಂದು ಮಗುವಿನ ಹಾಗೆ ಅತ್ತರು. ಕಣ್ಣು ಹೋದ ಮೇಲೆ ಅವರಿಗೆ ಮನೆ ಗೊತ್ತಾಗುತ್ತಿದ್ದದ್ದು ವಾಸನೆಯಿಂದ. ಬಿಸಿಲು, ಸೋಪು, ಕರ್ಪೂರದ ಗುಳಿಗೆ ಇಟ್ಟ ಟ್ರಂಕು, ಇಷ್ಟು ಸೇರಿದರೆ ಅವರ ಸೀರೆ. ಆ ಗುಲಾಬಿ ಬಾಟಲಿಯ ಹೂವು ಯಾವ ಊರಿನದೋ ಏನೋ, ಅವರ ಊರಿನದಂತೂ ಅಲ್ಲ. ಸಾಲದ್ದಕ್ಕೆ ರಾತ್ರಿಯೆಲ್ಲ ಕೆಮ್ಮು. ಉಬ್ಬಸ ಇರುವವರಿಗೆ, ಸೂಕ್ಷ್ಮ ಚರ್ಮದವರಿಗೆ ಇಂಥ ಸುಗಂಧಗಳು ಆಗಿಬರದೆ ಇರಬಹುದೆಂದು ವೈದ್ಯರೂ ಹೇಳಿದರು.

ನಾನು ಓದಿದ್ದು ಬಿ.ಎ., ಕಲಿಸುವುದು ಕನ್ನಡ. ಹಾಗಾಗಿ ಶಾಲೆಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಬಾಯಲ್ಲಿ ಹೇಳುವವರಲ್ಲ. "ಎರಡು ತುಂಡು ಬಟ್ಟೆ ತನ್ನಿ ಮೇಡಂ, ಒಂದು ಅದರಲ್ಲಿ ಅದ್ದಿದ್ದು, ಒಂದು ಅದ್ದದ್ದು" ಎಂದರು. ಮಾರನೆಯ ದಿನ ಎಂಟನೇ ತರಗತಿಯ ಮೇಜಿನ ಮೇಲೆ ಎರಡಕ್ಕೂ ಒಂದೊಂದು ತೊಟ್ಟು ನೀರು ಬಿಟ್ಟರು. ಅದ್ದದ ಬಟ್ಟೆಯ ಮೇಲಿನ ತೊಟ್ಟು ಬಿದ್ದ ಕ್ಷಣದಲ್ಲೇ ಮಾಯ. ಅದ್ದಿದ ಬಟ್ಟೆಯ ಮೇಲೆ ಅದು ಮುತ್ತಿನ ಹಾಗೆ ಕುಳಿತೇ ಇತ್ತು. ಮಕ್ಕಳು ಎಣಿಸುತ್ತ ಎಣಿಸುತ್ತ ಬೇಸತ್ತರು.

ಮೇಷ್ಟ್ರು ಬಿಡಿಸಿ ಹೇಳಿದ್ದು ಹೀಗೆ. ನೀರಿನಲ್ಲಿ ನೆನೆದ ಹತ್ತಿಯ ನೂಲಿಗೆ ಋಣ ಆವೇಶ, ಬಾಟಲಿಯಲ್ಲಿರುವ ಪದಾರ್ಥಕ್ಕೆ ಧನ ಆವೇಶ. (ಆವೇಶ ಎಂದರೆ ನಮ್ಮ ಕಡೆ ದೇವರು ಮೈಮೇಲೆ ಬರುವುದು, ವಿಜ್ಞಾನದವರಿಗೆ ಅದು ವಿದ್ಯುತ್ತಿನ ಗುಣವಂತೆ.) ಒಂದನ್ನೊಂದು ಸೆಳೆದು ಪದಾರ್ಥ ನೂಲಿಗೆ ಅಂಟಿಕೊಳ್ಳುತ್ತದೆ. ಅದರ ಬಾಲ ಕೊಬ್ಬಿನದು, ಅದು ಹೊರಮುಖವಾಗಿ ನಿಲ್ಲುತ್ತದೆ. ಅಂದರೆ ಪ್ರತಿಯೊಂದು ಎಳೆಗೂ ತೆಳ್ಳಗೆ ಜಿಡ್ಡು ಸವರಿದ ಹಾಗೆ. ಜಿಡ್ಡಿನಿಂದ ಎಳೆಗಳು ಒಂದರ ಮೇಲೊಂದು ಜಾರುತ್ತವೆ, ನಮಗೆ ಅದು ಮೆತ್ತಗೆ ಅನ್ನಿಸುತ್ತದೆ. ಆ ಜಿಡ್ಡೇ ನೀರನ್ನೂ ತಡೆಯುತ್ತದೆ. ತಲೆಗೂದಲಿಗೆ ಹಾಕುವ ಕಂಡಿಷನರ್ ಕೂಡ ಇದೇ ಜಾತಿಯದು. ಅಂಗಡಿಯಿಂದ ತಂದ ಹೊಸ ಟವೆಲು ನಾಲ್ಕು ಒಗೆತ ಆಗುವತನಕ ಮೈ ಒರೆಸುವುದಿಲ್ಲವಲ್ಲ, ಅದಕ್ಕೂ ಕಾರ್ಖಾನೆಯಲ್ಲಿ ಇಂಥದ್ದೇ ಲೇಪ ಕೊಟ್ಟಿರುತ್ತಾರೆ ಎಂದರು. ಇಷ್ಟು ವರ್ಷ ಹೊಸ ಟವೆಲನ್ನು ಬೈದದ್ದೆಲ್ಲ ನೆನಪಾಯಿತು.

ಪಕ್ಕದ ಮನೆಯ ಅಜ್ಜಿ ಒಬ್ಬರು ಮಡಿ ಬಟ್ಟೆಗೆ ಇದನ್ನು ಹಾಕಬಹುದೇ ಎಂದು ಕೇಳಿದ್ದುಂಟು. ಆ ಕೊಬ್ಬಿನ ಬಾಲವನ್ನು ತಾಳೆ ಎಣ್ಣೆಯಿಂದಲೂ ಮಾಡುತ್ತಾರೆ, ದನದ ಕೊಬ್ಬಿನಿಂದಲೂ ಮಾಡುತ್ತಾರೆ. ಯಾವ ಬಾಟಲಿ ಯಾವುದರದ್ದು ಎಂದು ಮೇಲಿನ ಹೂವಿನ ಚಿತ್ರ ಹೇಳುವುದಿಲ್ಲ. ನಾನು ಹೇಳಿದ ಮೇಲೆ ಅವರು ಮತ್ತೆ ಆ ಮಾತೆತ್ತಲಿಲ್ಲ.

ಹಾಗಾದರೆ ಬಾಟಲಿಯನ್ನು ಬಚ್ಚಲಿಗೆ ಸುರಿಯಬೇಕೇ? ಬೇಡ. ಚಳಿಗಾಲದ ಒಣಗಾಳಿಗೆ ಪಾಲಿಯೆಸ್ಟರ್ ಸೀರೆ ಕಾಲಿಗೆ ಸುತ್ತಿಕೊಂಡು ಚಟಚಟ ಎನ್ನುವುದು, ತಲೆಯ ಮೇಲಿಂದ ಸ್ವೆಟರ್ ತೆಗೆದರೆ ಕೂದಲು ನಿಮಿರಿ ನಿಲ್ಲುವುದು, ಇದಕ್ಕೆಲ್ಲ ಅದು ಒಳ್ಳೆಯ ಮದ್ದು. ಇಸ್ತ್ರಿಯ ಕೆಲಸವೂ ಹಗುರ. ಹಾಸುಬಟ್ಟೆ, ದಪ್ಪ ಹೊದಿಕೆ, ಕಿಟಕಿಯ ಪರದೆ ಇವುಗಳಿಗೆ ನೀರು ಕುಡಿಯುವ ಕೆಲಸವಿಲ್ಲ, ಇವು ಮೆತ್ತಗಿದ್ದರೆ ಲಾಭವೇ. ಆದರೆ ಟವೆಲು, ಕೈ ಒರೆಸುವ ಬಟ್ಟೆ, ಎಳೆಗೂಸಿಗೆ ಕಟ್ಟುವ ಬಟ್ಟೆ, ತಿಂಗಳ ಬಟ್ಟೆ, ಬೆವರು ಹೀರಬೇಕಾದ ಒಳ ಅಂಗಿ, ಇವುಗಳ ಹುಟ್ಟೇ ನೀರು ಹೀರುವುದಕ್ಕಾಗಿ. ಇವುಗಳಿಗೆ ಜಿಡ್ಡು ಸವರಿದರೆ ಇವುಗಳ ವಿದ್ಯೆಯನ್ನೇ ಕಸಿದ ಹಾಗೆ. ಇನ್ನೊಂದು ಎಚ್ಚರಿಕೆ: ಜುಂಗು ಎದ್ದ ಮೆತ್ತನೆಯ ಬಟ್ಟೆಗೆ ಇದನ್ನು ಹಾಕುತ್ತ ಹೋದರೆ ಬೆಂಕಿ ಬೇಗ ಹಿಡಿಯುತ್ತದೆ. ಅಮೆರಿಕದಲ್ಲಿ ಬೆಂಕಿ ತಡೆಯುವಂತೆ ಮಾಡಿದ ಮಕ್ಕಳ ರಾತ್ರಿ ಉಡುಪಿಗೆ ಇದನ್ನು ಬಳಸಬೇಡಿ ಎಂದು ಬಾಟಲಿಯ ಮೇಲೆಯೇ ಬರೆದಿರುತ್ತಾರೆ. ದೀಪ ಹಚ್ಚುವ, ಒಲೆಯ ಮುಂದೆ ನಿಲ್ಲುವ ನಮಗೂ ಅದು ತಿಳಿದಿರಲಿ.

ಹಾಕುವವರು ಕೊನೆಯ ನೀರಿಗೇ ಹಾಕಬೇಕು, ಸೋಪಿನ ಪುಡಿಯ ಜೊತೆಗಲ್ಲ. ಪುಡಿಯದು ಋಣ, ಇದರದು ಧನ; ಎರಡೂ ಬಕೆಟ್ಟಿನಲ್ಲೇ ತಬ್ಬಿಕೊಂಡು ಬಟ್ಟೆಯನ್ನು ಮರೆತುಬಿಡುತ್ತವೆ.

ನಮ್ಮ ಗಡಸು ನೀರಿಗೆ ಇನ್ನೊಂದು ಉಪಾಯವನ್ನು ಮೇಷ್ಟ್ರೇ ಹೇಳಿದರು. ಕೊನೆಯ ಬಕೆಟ್ಟಿಗೆ ಅರ್ಧ ಲೋಟ ಬಿಳಿ ವಿನೆಗರ್. ನೂಲಿನಲ್ಲಿ ಕೂತ ಸುಣ್ಣದಂಥ ಗಸಿಯನ್ನು ಅದರ ಹುಳಿ ಕರಗಿಸುತ್ತದೆ, ಜಿಡ್ಡು ಹಚ್ಚುವುದಿಲ್ಲ, ಒಣಗಿದ ಮೇಲೆ ವಾಸನೆಯೂ ನಿಲ್ಲುವುದಿಲ್ಲ. ಬ್ಲೀಚ್ ಜೊತೆಗೆ ಮಾತ್ರ ಎಂದೆಂದೂ ಬೆರೆಸಬಾರದು, ವಿಷದ ಗಾಳಿ ಏಳುತ್ತದೆ. ಆದರೆ ಮೆದು ನೀರಿನಲ್ಲಿ ಒಗೆದರೂ ನೆರಳಿನಲ್ಲಿ ಅಲುಗದೆ ಒಣಗಿದ ಹತ್ತಿ ಸ್ವಲ್ಪ ಬಿರುಸಾಗಿಯೇ ಇರುತ್ತದೆ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದವರು ಕಾವೊ ಎಂಬ ಕಂಪನಿಯ ಜೊತೆ ಸೇರಿ 2020ರಲ್ಲಿ ಇದರ ಗುಟ್ಟನ್ನು ಬಯಲು ಮಾಡಿದರು: ಒಣಗಿದೆ ಎಂದುಕೊಂಡ ಹತ್ತಿಯಲ್ಲೂ ಎಳೆಗಳ ಮೇಲೆ ಸ್ವಲ್ಪ ನೀರು ಉಳಿದು, ಅದೇ ಅಂಟಿನಂತೆ ಎಳೆಗೆ ಎಳೆಯನ್ನು ಹಿಡಿದಿರುತ್ತದಂತೆ. ಎಳೆದಾಡಿದರೆ ಆ ಹಿಡಿತ ಬಿಡುತ್ತದೆ. ನಮ್ಮಮ್ಮ ಪ್ರತಿಯೊಂದು ಬಟ್ಟೆಯನ್ನೂ ಹರವುವ ಮೊದಲು ಫಟ್ ಫಟ್ ಎಂದು ಕೊಡವುತ್ತಿದ್ದದ್ದು, ತೆಗೆಯುವಾಗ ಇನ್ನೊಮ್ಮೆ ಕೈಯಲ್ಲಿ ಹಿಸುಕುತ್ತಿದ್ದದ್ದು ಸುಮ್ಮನೆ ಅಲ್ಲ.

ಮನೆಯಲ್ಲಿ ಅಂದಿನಿಂದ ಎರಡು ಬಕೆಟ್ಟು. ನೀಲಿಯದರಲ್ಲಿ ಬಾಟಲಿಯ ನೀರು, ಹಾಸುವ ಹೊದೆಯುವ ಬಟ್ಟೆಗೆ. ಅದೂ ಮುಚ್ಚಳದ ಅರ್ಧದಷ್ಟೇ, ವಾಸನೆ ಕಡಿಮೆ ಇರುವುದನ್ನೇ ಹುಡುಕಿ ತಂದದ್ದು. ಹಸಿರು ಬಕೆಟ್ಟಿನಲ್ಲಿ ವಿನೆಗರ್, ಹೀರುವ ಬಟ್ಟೆಗೆ. ಜಿಡ್ಡು ಹತ್ತಿದ ತುಂಡುಗಳನ್ನೂ ಆ ಹಸಿರು ಅಂಚಿನ ಸೀರೆಯನ್ನೂ ಬಿಸಿನೀರಿನಲ್ಲಿ ಬರೀ ಸೋಪಿನ ಪುಡಿ ಹಾಕಿ ಮೂರು ಸಲ ಒಗೆದೆ. ತುಂಡುಗಳು ಮತ್ತೆ ನೀರು ಕುಡಿಯತೊಡಗಿದವು. ಸೀರೆಯನ್ನು ಒಂದು ದಿನ ಬಿಸಿಲಿಗೆ ಹಾಕಿ, ನಾಲ್ಕು ದಿನ ಅವರ ಟ್ರಂಕಿನಲ್ಲಿಟ್ಟು ಆಮೇಲೆ ಉಡಿಸಿದೆ. ಅತ್ತೆ ಸೆರಗನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. "ಎಲ್ಲಿಟ್ಟಿದ್ಯೇ ಇಷ್ಟು ದಿನ?" ಎಂದರು.

ಅವರು 2021ರಲ್ಲಿ ತೀರಿಕೊಂಡರು. ಮೂರು ವರ್ಷ ಮಲಗಿದ್ದರೂ ಬೆನ್ನಿನಲ್ಲಿ ಒಂದು ಹುಣ್ಣೂ ಇರಲಿಲ್ಲ.

ಮಗಳಿಗೆ ಈಗ ಏಳು ತಿಂಗಳು. ಹೋದ ವಾರ ಫೋನ್ ಮಾಡಿ, "ಅಮ್ಮ, ಅಜ್ಜಿಯ ಹಳೆ ಸೀರೆ ಎಷ್ಟಿವೆ? ಮಗುವಿಗೆ ಬೇಕು" ಎಂದಳು. ಸ್ವಲ್ಪ ತಡೆದು, "ಆ ಬಾಟಲಿ ಮಾತ್ರ ಸೋಕಿಸಬೇಡ" ಎಂದೂ ಸೇರಿಸಿದಳು. ಟ್ರಂಕು ತೆಗೆದು ಎಣಿಸಿದೆ, ಹನ್ನೊಂದಿವೆ. ಭಾನುವಾರ ಎಲ್ಲವನ್ನೂ ಬಿಸಿನೀರಿನಲ್ಲಿ ಒಗೆದು, ಚೆನ್ನಾಗಿ ಕೊಡವಿ, ಮಹಡಿಯ ತಂತಿಗೆ ಹಾಕಿದ್ದೇನೆ.