ಹೊಳವಿನ ವ್ಯಾಪಾರ

ಕೊಲ್ಲಮೊಗ್ರಿನಲ್ಲಿ ಮರದ ಆರೈಕೆಯನ್ನೇ ಉದ್ಯೋಗ ಮಾಡಿಕೊಂಡವನಿಗೆ ಮಾರಲಿಕ್ಕೆ ಇರುವ ಸರಕು ಒಂದೇ, ಹೊಳವು. ಮೈಲುತುತ್ತು ಅಂಗಡಿಯಲ್ಲಿ ಸಿಗುತ್ತದೆ, ಸುಣ್ಣ ಸಿಗುತ್ತದೆ, ದೋಟಿ ಬೇಕಾದರೆ ಸಾಲಕ್ಕೂ ಸಿಗುತ್ತದೆ. ಆಟಿ ತಿಂಗಳ ಮಳೆಯ ನಡುವೆ ಅಡಿಕೆ ಗೊನೆಯ ನೀರು ಆರಿ, ಬಿಟ್ಟ ಮದ್ದು ಕಾಯಿಗೆ ಅಂಟಿಕೊಳ್ಳುವಷ್ಟು ಹೊತ್ತಿನ ಬಿಸಿಲು ಮಾತ್ರ ಯಾವ ಸೊಸೈಟಿಯಲ್ಲೂ ಇಲ್ಲ. ಅದು ಬಂದರೆ ಎಲ್ಲರಿಗೂ ಒಟ್ಟಿಗೇ ಬರುತ್ತದೆ. ಕಲ್ಮಕಾರಿಗೂ ಹರಿಹರ ಪಲ್ಲತ್ತಡ್ಕಕ್ಕೂ ಗುತ್ತಿಗಾರಿಗೂ ಒಂದೇ ದಿನ ಬಿಸಿಲು. ನನ್ನಲ್ಲಿರುವುದು ಒಂದು ಹಳೇ ಪಿಕಪ್, ಎರಡು ಪಂಪು, ಬಂದರೆ ಬಂದರು ಎನ್ನುವಂಥ ನಾಲ್ಕು ಹುಡುಗರು.

ಬ್ಯಾಂಕಿನ ಅರ್ಜಿಯಲ್ಲಿ ನನ್ನ ಉದ್ಯೋಗದ ಜಾಗದಲ್ಲಿ ‘ಕೃಷಿ ಸೇವೆ’ ಎಂದು ಬರೆದಿದ್ದೇನೆ. ಊರಿನವರ ಬಾಯಲ್ಲಿ ನಾನು ‘ಮದ್ದು ಬಿಡುವವ’. ಪತ್ತನಾಜೆ ಕಳೆದು ಮಳೆ ಹಿಡಿಯುವ ಮೊದಲು ಒಂದು ಮದ್ದು, ಅದಾಗಿ 40-45 ದಿನಕ್ಕೆ ಎರಡನೆಯದು, ಮಳೆ ಹಠ ಹಿಡಿದರೆ ಮೂರನೆಯದು. ಆಮೇಲೆ ಕೊಯ್ಲು. ಬೇಸಿಗೆಯಲ್ಲಿ ಮನೆಯ ಮಾಡಿಗೆ ಬಾಗಿದ ಗೆಲ್ಲು ಸವರುವುದು, ತೆಂಗಿನ ಮಂಡೆ ಶುಚಿ ಮಾಡುವುದು, ಕಾಳುಮೆಣಸು ಕೊಯ್ಯುವುದು. ವರ್ಷವಿಡೀ ಕೆಲಸ ಇದ್ದಂತೆ ಕೇಳುತ್ತದೆಯಾದರೂ ಆದಾಯ ನಿಲ್ಲುವುದು ಮಳೆಗಾಲದ ಆ ಕೆಲವು ಬಿಸಿಲಿನ ಗಂಟೆಗಳ ಮೇಲೆ.

ಬೆಳಿಗ್ಗೆ ಆರಕ್ಕೆ ಮೂಡು ದಿಕ್ಕಿನ ಗುಡ್ಡದ ಮೋಡ ಸ್ವಲ್ಪ ಬೆಳ್ಳಗಾಯಿತೋ, ಫೋನು ಸುರು.

“ಎಂತ ಅಣ್ಣಾ, ಇವತ್ತು ಬರ್ಲಿಕ್ಕಾಗ್ತದಾ?”

“ಹೋದ ವಾರವೇ ಹೇಳಿ ಇಟ್ಟದ್ದಲ್ವಾ ನಾನು? ನಿಮ್ಮ ಲೀಸ್ಟಿನಲ್ಲಿ ನಮ್ಮ ಹೆಸರು ಉಂಟಾ ಇಲ್ವಾ?”

“ಹೊಳವು ಹೋದ ಮೇಲೆ ಬಂದು ಎಂತ ಮಾಡ್ಲಿಕ್ಕೆ ಮಾರಾಯಾ, ಚಾ ಕುಡಿದು ಹೋಗ್ಲಿಕ್ಕಾ?”

ಮೂವರೂ ಹೇಳುವುದು ಸರಿಯೇ. ಮೊದಲು ಹೇಳಿದವರಿಗೆ ಮೊದಲು ಎಂಬ ನ್ಯಾಯ ರೇಷನ್ ಅಂಗಡಿಗೆ ಆದೀತು, ತೋಟಕ್ಕೆ ಆಗುವುದಿಲ್ಲ. ನಾನು ಮರದ ಬುಡ ನೋಡುತ್ತೇನೆ. ಉದುರಿದ ಹಸಿ ಅಡಿಕೆಯ ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡು ಹಸಿರು ಕಲೆ, ಅದರ ಮೇಲೆ ಬಿಳಿ ಬೂಷ್ಟು ಕಂಡರೆ ಆ ತೋಟಕ್ಕೆ ಮೊದಲು. ಹೀಗಾಗಿ ನಮ್ಮಲ್ಲಿ ಫೋನು ಮಾಡುವವರು ಈಗ ಬುದ್ಧಿವಂತರಾಗಿದ್ದಾರೆ. ಕೊಳೆರೋಗ ಇರಲಿ ಬಿಡಲಿ, “ಬುಡ ಪೂರಾ ಬಿದ್ದಿದೆ” ಎಂದೇ ಮಾತು ಸುರು ಮಾಡುತ್ತಾರೆ. ಗಾಳಿಮಳೆಗೆ ಕರೆಂಟು ಹೋಗಿ, ಅದರ ಹಿಂದೆಯೇ ಮೊಬೈಲ್ ಟವರೂ ಮಲಗಿದರೆ ಊರೆಲ್ಲ ಬಯ್ಯುತ್ತದೆ. ನಾನು ಬಾಯಿಮಾತಿಗೆ ಬಯ್ದು ಒಳಗೆ ಹೋಗಿ ಕಂಬಳಿ ಹೊದೆಯುತ್ತೇನೆ.

ನಾವು ಬಿಡುವ ಈ ತುತ್ತು-ಸುಣ್ಣದ ಮದ್ದು ಹುಟ್ಟಿದ್ದು ಕಳ್ಳರ ದೆಸೆಯಿಂದ. 1882ರಲ್ಲಿ ಫ್ರಾನ್ಸಿನ ಮೆಡೋಕ್ ಸೀಮೆಯ ದ್ರಾಕ್ಷಿ ತೋಟಗಳಿಗೆಲ್ಲ ಬೂಜು ರೋಗ ಹಿಡಿದಿತ್ತು. ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆ ಆ ಕಡೆ ಹೋದಾಗ ದಾರಿ ಬದಿಯ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದದ್ದನ್ನು ಕಂಡರು. ವಿಚಾರಿಸಿದರೆ, ದಾರಿಹೋಕರು ಹಣ್ಣು ಕೀಳದ ಹಾಗೆ, ವಿಷ ಹಾಕಿದಂತೆ ಕಾಣಲಿ ಎಂದು ತೋಟದವರು ಮೈಲುತುತ್ತು ಮತ್ತು ಸುಣ್ಣ ಕಲಸಿ ಎರಚಿದ್ದರು. ಕಳ್ಳರು ಹೆದರಿದರೋ ಇಲ್ಲವೋ, ಬೂಜು ಹೆದರಿತ್ತು. ಮಿಲಾರ್ಡೆ ಪ್ರಯೋಗ ಮಾಡಿ 1885ರಲ್ಲಿ ಲೋಕಕ್ಕೆ ಸಾರಿದರು, ಮದ್ದಿಗೆ ಊರಿನ ಹೆಸರು ಬಂತು. ನಮ್ಮ ಕಡೆಯ ಅಡಿಕೆ ಕಳ್ಳರ ಮೇಲೆ ಇದು ಏನೂ ಪರಿಣಾಮ ಮಾಡಿದ್ದಿಲ್ಲ. ಮದ್ದು ಬಿಟ್ಟ ತೋಟವೆಂದರೆ ಒಳ್ಳೆ ಫಸಲಿನ ತೋಟ ಎಂದು ಅವರಿಗೂ ಗೊತ್ತು.

ಅಲ್ಲಿಂದ ಅದು ನಮ್ಮ ಅಡಿಕೆಗೆ ಬಂದದ್ದು ಲೆಸ್ಲಿ ಕೋಲ್ಮನ್ ಎಂಬ ಕೆನಡಾದವರ ಕೈಯಿಂದ. ಅವರು 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು, ಮುಂದೆ ಅಲ್ಲಿನ ಕೃಷಿ ಇಲಾಖೆಯ ನಿರ್ದೇಶಕರೂ ಆದರು. ಮಲೆನಾಡಿನ ಮಳೆಯಲ್ಲಿ ಕೊಳೆರೋಗದ ಬೆನ್ನು ಹತ್ತಿ, ಇದು ಫೈಟಾಫ್ತೊರ ಜಾತಿಯ ಶಿಲೀಂಧ್ರದ ಕೆಲಸವೆಂದು 1910ರಲ್ಲಿ ಬರೆದರು. ಬೋರ್ಡೋ ದ್ರಾವಣ ಬಿಟ್ಟರೆ ನಿಲ್ಲುತ್ತದೆಂದು ತೋರಿಸಿದರು. ಅದಕ್ಕೆ ಮೊದಲು ಕೊಟ್ಟೆ ಕಟ್ಟುವುದೇ ಉಪಾಯ. ಹಾಳೆಯದ್ದೋ, ಮಲೆನಾಡಾದರೆ ಕರಡದ ಹುಲ್ಲಿನದ್ದೋ, ಗೊನೆಗೊಂದು ಗೊರಬೆ. ಮರ ಮರ ಹತ್ತಿ ಗೊನೆ ಗೊನೆಗೆ ಕಟ್ಟಬೇಕು. ಗೊರಬೆ ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದವರು ಅಡಿಕೆಗೂ ಒಂದು ಗೊರಬೆ ಯೋಚಿಸಿದ್ದರಲ್ಲಿ ಏನೂ ಆಶ್ಚರ್ಯವಿಲ್ಲ. ಆದರೆ ಅಷ್ಟೂ ಮರ ಹತ್ತಿದವರ ಹೆಸರು ಯಾವ ವರದಿಯಲ್ಲೂ ಬಂದಂತಿಲ್ಲ. ಕೋಲ್ಮನ್ ಸಾಹೇಬರು ಕೆಳಗೆ ನಿಂತು ಬರೆದುಕೊಳ್ಳುವಾಗ ಮೇಲೆ ಇದ್ದವ ಯಾರೋ ನಮ್ಮಂಥವನೇ ಇರಬೇಕು.

ಮದ್ದು ಕಲಸುವ ಕ್ರಮ ಇವತ್ತಿಗೂ ಹೆಚ್ಚು ಬದಲಾದದ್ದಿಲ್ಲ. 200 ಲೀಟರಿನ ಒಂದು ಬ್ಯಾರಲಿಗೆ ಎರಡು ಕಿಲೋ ತುತ್ತು, ಎರಡು ಕಿಲೋ ಸುಣ್ಣ. ಬೇರೆ ಬೇರೆ ಕರಗಿಸಬೇಕು, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕದಡಬೇಕು, ಅವತ್ತಿನದ್ದು ಅವತ್ತೇ ಮುಗಿಸಬೇಕು. ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ಕೆಂಪು ಹಿಡಿದರೆ ಸುಣ್ಣ ಸಾಲದು. ಅಂಗಡಿಯಲ್ಲಿ ಬಣ್ಣ ಬದಲಿಸುವ ಕಾಗದ ಬಂದಿದೆ, ಕಲಸಿದ ಪೇಸ್ಟೂ ಬಂದಿದೆ. ನಮ್ಮ ಹುಡುಗರಿಗೆ ಕತ್ತಿಯ ಮೇಲೆಯೇ ನಂಬಿಕೆ. ಕೂಲಿಯ ಲೆಕ್ಕವೂ ಬ್ಯಾರಲಿನದ್ದೇ. ಆದ್ದರಿಂದ ತೋಟದ ಯಜಮಾನರು ಚಾಯ ಕೈಯಲ್ಲಿ ಹಿಡಿದು ಬ್ಯಾರಲಿನ ಪಕ್ಕದಲ್ಲೇ ಕುರ್ಚಿ ಹಾಕಿ ಕೂರುತ್ತಾರೆ. ಆ ನೀಲಿ ಎಷ್ಟು ಒಗೆದರೂ ಬಟ್ಟೆಯಿಂದ ಬಿಡುವುದಿಲ್ಲ. ಮದ್ದಿನ ಅಂಗಿಗೆ ನಮ್ಮ ಮನೆಯಲ್ಲಿ ಬೇರೆಯೇ ಹಗ್ಗ. ಆಟಿ ತಿಂಗಳಿನಲ್ಲಿ ನಾಯಿಯ ಬೆನ್ನೂ ನೀಲಿ.

ಅಪ್ಪನ ಕಾಲದಲ್ಲಿ ಗಟಾರ್ ಪಂಪು. ಕೆಳಗೆ ಒಬ್ಬ ಅದರ ಕೈ ಹಿಡಿದು ಹಿಂದೆ ಮುಂದೆ ತುಯ್ಯುತ್ತಾ ಇರಬೇಕು, ಮರದ ಮೇಲಿನವ ಪೈಪು ಹಿಡಿದು ಬಿಡಬೇಕು. ಶಾಲೆಗೆ ರಜೆ ಸಿಕ್ಕಿದಾಗ ತುಯ್ಯುವ ಕೆಲಸ ನನಗೆ. “ಪ್ರೆಶರಿಲ್ಲ ಮಾಣಿ!” ಎಂಬ ಕೂಗು ಮರದ ತುದಿಯಿಂದ ಮದ್ದಿನ ಹನಿಯ ಜೊತೆಗೇ ಇಳಿಯುತ್ತಿತ್ತು. ಮೇಲೆ ಇದ್ದ ಆ ಅಜ್ಜ ಕಾಲಿಗೆ ತಳೆ ಹಾಕಿ ಒಮ್ಮೆ ಹತ್ತಿದರೆ ಬೇಗ ನೆಲಕ್ಕೆ ಇಳಿಯುವವರಲ್ಲ. ನಿಂತ ಮರವನ್ನೇ ಮೈಭಾರದಿಂದ ತೂಗಿ ಪಕ್ಕದ ಮರ ಹಿಡಿದು ದಾಟುತ್ತಿದ್ದರು. ಅಡಿಕೆ ಗಿಡಗಳ ನಡುವೆ 2.7 ಮೀಟರ್, ಎಂದರೆ ಸುಮಾರು 9 ಅಡಿ ಬಿಡಬೇಕೆಂದು ವಿಟ್ಲದಲ್ಲಿರುವ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಕೇಂದ್ರದವರು ಹೇಳುವುದು ಬೇರಿಗೆ, ಬೆಳಕಿಗೆ, ಗಾಳಿಗೆ. ಅಜ್ಜನಿಗೆ ಅದು ಒಂದು ತೂಗಿನ ದೂರ. ಮಧ್ಯಾಹ್ನ ಇಳಿಯುವಾಗ ಹತ್ತಿದ ಮರ ಎಲ್ಲಿಯೋ, ಇಳಿದ ಮರ ಎಲ್ಲಿಯೋ.

ಅವರ ನಂತರ ಹತ್ತುವವರು ಇಲ್ಲವಾದರು. ಕಾರಣ ಹೆಚ್ಚು ಹುಡುಕಬೇಕಾಗಿಲ್ಲ. ಬಿದ್ದರೆ ಸೊಂಟ ಹೋಗುತ್ತದೆ, ಬೀಳದಿದ್ದರೆ ಹೆಣ್ಣು ಸಿಗುವುದಿಲ್ಲ. ಇದ್ದವರ ಮಕ್ಕಳು ಬೆಂಗಳೂರಿಗೆ ಹೋದರು. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದವರು ‘ಅಡಿಕೆ ಕೌಶಲ್ಯ ಪಡೆ’ ಎಂಬ ಹೆಸರಿನಲ್ಲಿ ಯುವಕರಿಗೆ ಮರ ಹತ್ತುವ ತರಬೇತಿಯ ಶಿಬಿರವನ್ನು ವಿಟ್ಲದಲ್ಲಿ ಮಾಡಿದ್ದು ಈ ಸಂಕಟಕ್ಕೇ. ಬಂಟ್ವಾಳ ತಾಲೂಕಿನ ಕೋಮಾಲಿಯ ಗಣಪತಿ ಭಟ್ಟರು ಮರ ಏರುವ ಬೈಕನ್ನೇ ಮಾಡಿಬಿಟ್ಟರು. 2019ರಲ್ಲಿ ಅದರ ವಿಡಿಯೋ ದೇಶವೆಲ್ಲ ಸುತ್ತಿತು. ಸೀಟಿನಲ್ಲಿ ಕೂತು, ಬೆಲ್ಟು ಹಾಕಿ, ಎಕ್ಸಲೇಟರ್ ಕೊಟ್ಟರೆ ಮರದ ತುದಿ. ಅಜ್ಜ ಅದನ್ನು ನೋಡಿದ್ದರೆ “ಪಕ್ಕದ ಮರಕ್ಕೆ ಹೋಗುವುದು ಹೇಗೆ?” ಎಂದು ಕೇಳುತ್ತಿದ್ದರು.

ಈಗಿನದ್ದು ದೋಟಿಯ ಕಾಲ. ಕಾರ್ಬನ್ ಫೈಬರಿನ ಕೊಳವೆಗಳು ಒಂದರೊಳಗೊಂದು ಕೂತಿರುತ್ತವೆ, ಎಳೆದು ಸಿಕ್ಕಿಸಿದರೆ 60-70 ಅಡಿಗೂ ಮುಟ್ಟುತ್ತವೆ. ತುದಿಗೆ ಕತ್ತಿ ಕಟ್ಟಿದರೆ ಕೊಯ್ಲು, ನೋಜಲ್ ಕಟ್ಟಿದರೆ ಮದ್ದು. ನಾವು ಮರ ಬಿಟ್ಟು ನೆಲಕ್ಕೆ ಬಂದೆವು, ನೋವು ಕಾಲಿನಿಂದ ಕುತ್ತಿಗೆಗೆ ಹತ್ತಿತು. ದಿನವಿಡೀ ಆಕಾಶ ನೋಡಿ ಕೆಲಸ ಮಾಡಿದ ಹುಡುಗರು ಸಂಜೆ ಊಟಕ್ಕೆ ಬಗ್ಗಲಿಕ್ಕೂ ಒದ್ದಾಡುತ್ತಾರೆ. ದೋಟಿಯ ಬಗ್ಗೆ ನಾನು ಮಾಡಿದ ಕಾನೂನು ಒಂದೇ. ತೋಟದ ಮೇಲೆ ಕರೆಂಟಿನ ತಂತಿ ಹೋಗಿದ್ದರೆ ಮೆಸ್ಕಾಂನವರು ಲೈನು ಆಫ್ ಮಾಡುವ ತನಕ ದೋಟಿ ಗಾಡಿಯಿಂದ ಇಳಿಯಬಾರದು. ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ. ಅಷ್ಟು ಉದ್ದದ ಕೋಲು ಒದ್ದೆ ಕೈಯಲ್ಲಿ ಒಮ್ಮೆ ವಾಲಿದರೆ ಮತ್ತೆ ಮಾತಿಲ್ಲ. ಯಜಮಾನರಿಗೆ ಇದರಿಂದ ಸಿಟ್ಟು ಬರುತ್ತದೆ. “ನೀನು ಲೈನ್ ಆಫ್ ಅಂತ ಕೂತರೆ ಹೊಳವು ಕೂರ್ತದಾ?” ಎಂದು ಕೇಳುತ್ತಾರೆ. ಬಂದ ಹಾಗೇ ಗಾಡಿ ತಿರುಗಿಸಿದ್ದೂ ಉಂಟು. ಅಂಥ ಮನೆಯವರು ಮುಂದಿನ ವರ್ಷ ನನ್ನನ್ನು ಕರೆಯುವುದಿಲ್ಲ, ಅದರ ಮುಂದಿನ ವರ್ಷ ಕರೆಯುತ್ತಾರೆ.

ಬೇಸಿಗೆಯ ಕೆಲಸ ನಿಧಾನದ್ದು, ಮಾತಿನದ್ದು. ಮಾಡಿನ ಮೇಲೆ ಬಾಗಿದ ಕಾಟುಮಾವಿನ ಗೆಲ್ಲು ತೆಗೆಯಲಿಕ್ಕೆ ಮಗ ಕರೆಯುತ್ತಾನೆ. ಗಾಡಿ ನಿಲ್ಲಿಸುವಾಗ ಅಂಗಳದಲ್ಲಿ ಅಮ್ಮ ನಿಂತಿರುತ್ತಾರೆ. “ಮಿಡಿ ಉಂಟು ಅದರಲ್ಲಿ, ಈ ವರ್ಷ ಇರ್ಲಿ.” ಮಗ ಹೇಳುವುದು, “ಹೋದ ವರ್ಷವೂ ಇದನ್ನೇ ಹೇಳಿದ್ದು ನೀವು.” ನಾನು ಎರಡೂ ಕಡೆಯ ವಕೀಲ. ಕೊನೆಗೆ ಮಾಡಿಗೆ ತಾಗುವ ಒಂದು ಗೆಲ್ಲು ಹೋಗುತ್ತದೆ, ಮಿಡಿ ಇರುವ ಗೆಲ್ಲು ಉಳಿಯುತ್ತದೆ, ನನಗೆ ಕೂಲಿಯ ಜೊತೆಗೆ ಒಂದು ಚೀಲ ಮಿಡಿ. ನಾಗಬನದ ಮರವಾದರೆ ವ್ಯವಹಾರವೇ ಬೇರೆ. ಗೆಲ್ಲು ಕೊಟ್ಟಿಗೆಯ ಮೇಲೆ ಮಲಗಿದ್ದರೂ, ಪ್ರಾರ್ಥನೆ ಆಗದೆ ಹುಡುಗರು ಕತ್ತಿ ಮುಟ್ಟುವುದಿಲ್ಲ. ಮುಟ್ಟಿಸಲಿಕ್ಕೆ ನಾನೂ ಹೋಗುವುದಿಲ್ಲ. ಕಾಡಿನ ಜಾತಿಯ ಮರವನ್ನು ಬುಡದಿಂದಲೇ ತೆಗೆಯಬೇಕೆನ್ನುವವರಿಗೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯನ್ನೂ ಅರಣ್ಯ ಇಲಾಖೆಯ ಕಚೇರಿಯ ದಾರಿಯನ್ನೂ ತೋರಿಸಿ ಬರುತ್ತೇನೆ. ಆ ದಾರಿ ಹಿಡಿದವರಲ್ಲಿ ಅರ್ಧ ಜನ ಮರ ಇದ್ದರೆ ನೆರಳಾದರೂ ಆಯಿತು ಎಂದು ಹಿಂದೆ ಬರುತ್ತಾರೆ.

2022ರ ಆಗಸ್ಟಿನ ಮೊದಲ ದಿನಗಳ ಮಳೆ ಈ ಎಲ್ಲ ಲೆಕ್ಕವನ್ನೂ ಅಳಿಸಿತು. ಕೊಲ್ಲಮೊಗ್ರು, ಕಲ್ಮಕಾರು, ಹರಿಹರದಲ್ಲಿ ಹೊಳೆ ತೋಟಕ್ಕೆ ಬಂತು, ಕಾಡಿನ ಮರಗಳು ಬುಡ ಸಮೇತ ತೇಲಿ ಬಂದು ಸೇತುವೆಗೆ ಸಿಕ್ಕಿಕೊಂಡವು. ಆ ವಾರ ನಮಗೆ ಮದ್ದಿನ ಕೆಲಸ ಇರಲಿಲ್ಲ. ಬಿದ್ದ ಮರ ಕಡಿದು ದಾರಿ ಬಿಡಿಸುವುದಷ್ಟೇ. ಬ್ಯಾರಲಿನ ಲೆಕ್ಕ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅದೇ ಹೊತ್ತಿಗೆ ಎಲೆಚುಕ್ಕಿ ಬಂದು ಕೂತಿತ್ತು. ಸೋಗೆಯ ಮೇಲೆ ಸಣ್ಣ ಕಂದು ಚುಕ್ಕಿ, ಸುತ್ತ ಹಳದಿ ಅಂಚು, ನೋಡನೋಡುತ್ತ ಚುಕ್ಕಿಗಳು ಕೂಡಿಕೊಂಡು ಸೋಗೆ ಸುಟ್ಟಂತೆ ಒಣಗುವುದು. ನಮ್ಮ ಊರು, ಕಲ್ಮಕಾರು, ಘಟ್ಟದ ಬುಡದ ತೋಟಗಳೇ ಮೊದಲು ಅದರ ಬಾಯಿಗೆ ಸಿಕ್ಕಿದ್ದು. ಕೊಳೆಯ ಮದ್ದು ಗೊನೆಗೆ ಬಿದ್ದರೆ ಸಾಕು, ಇದಕ್ಕೆ ಮಂಡೆಯೆಲ್ಲ ನೆನೆಯಬೇಕು, ಮದ್ದೂ ಬೇರೆ. ಅದಕ್ಕಿಂತ ಕಷ್ಟ ಇನ್ನೊಂದು ಉಂಟು. ಶಿಲೀಂಧ್ರದ ಬೀಜಕಣ ಗಾಳಿಯಲ್ಲಿ ಬರುವುದರಿಂದ ಒಬ್ಬರು ಬಿಟ್ಟು ಪಕ್ಕದವರು ಬಿಡದಿದ್ದರೆ ಹಣ ಗಾಳಿಗೆ. ಪಕ್ಕದವರ ತೋಟ ಎಂದರೆ ಹಲವು ಕಡೆ ಪಾಲಾಗಿ ಮಾತು ಬಿಟ್ಟ ಅಣ್ಣತಮ್ಮಂದಿರದ್ದು. ಇಬ್ಬರನ್ನೂ ಒಂದೇ ದಿನಕ್ಕೆ ಒಪ್ಪಿಸುವುದು ಈಗ ನನ್ನ ಉದ್ಯೋಗದ ಹೊಸ ಭಾಗ. ತಮ್ಮನ ಹತ್ತಿರ “ಅಣ್ಣ ಬಿಡ್ತಾರಂತೆ” ಎನ್ನುತ್ತೇನೆ, ಅಣ್ಣನ ಹತ್ತಿರ “ತಮ್ಮ ಬಿಡ್ತಾನಂತೆ” ಎನ್ನುತ್ತೇನೆ. ಎರಡೂ ಸಂಜೆಯ ಹೊತ್ತಿಗೆ ನಿಜವಾಗುತ್ತವೆ.

ಹಳದಿ ರೋಗದ ತೋಟಕ್ಕೆ ಮಾತ್ರ ನನಗೆ ಹೋಗಲು ಮನಸ್ಸಿಲ್ಲ. 1914ರಲ್ಲಿ ಕೇರಳದಲ್ಲಿ ಕಂಡದ್ದು, ಸಂಪಾಜೆ ಕಡೆಯ ತೋಟಗಳನ್ನು ತಿಂದು, ನಮ್ಮ ತಾಲೂಕಿನಲ್ಲಿ ಹರಡುತ್ತಲೇ ಇದೆ. ಬಿಡುವ ಮದ್ದು ಇಲ್ಲ. ಕರೆದವರಿಗೆ ಅದನ್ನೇ ಹೇಳಿ ಚಾಯ ಕುಡಿದು ಬರುತ್ತೇನೆ. ಮದ್ದಿಲ್ಲದ್ದಕ್ಕೂ ಮದ್ದು ಮಾರುವವರು ಇದ್ದಾರೆ, ಅವರ ಗಾಡಿ ನನ್ನದಕ್ಕಿಂತ ಹೊಸದು.

ಕಳೆದ ತಿಂಗಳು ಗುತ್ತಿಗಾರು ಕಡೆಯ ನನ್ನ ಹಳೇ ಗಿರಾಕಿ ಮಾವ ಒಬ್ಬರು ಬರಹೇಳಿದರು. ಗುಡ್ಡೆ ತಟ್ಟು ಮಾಡಿಸಿ ಹೊಸ ತೋಟ ಹಾಕುತ್ತಾರಂತೆ. ವಿಟ್ಲದವರ ಗಿಡ್ಡ ತಳಿ, ಹಿರೇಹಳ್ಳಿ ಗಿಡ್ಡದ ಮಿಶ್ರತಳಿ. “ನೆಲದಲ್ಲಿ ನಿಂತೇ ಕೊಯ್ಯಬಹುದಂತೆ. ಇನ್ನು ದೋಟಿಯೂ ಬೇಡ, ನಿನ್ನ ಹಿಂದೆ ಬರುವ ಹಣೆಬರವೂ ಬೇಡ” ಎಂದು ಖುಷಿಯಲ್ಲಿ ಹೇಳಿದರು. ಒಳ್ಳೆಯದಾಯಿತು ಎಂದೆ. ಆಮೇಲೆ ಗುಂಡಿ ತೆಗೆಯಲಿಕ್ಕೆ ಜನ ಇಲ್ಲವೆಂದು ಗೋಳು ತೋಡಿಕೊಂಡರು. ರೇಟು ಮಾತಾಡಿದೆವು, ಸ್ವಲ್ಪ ಜಗ್ಗಾಡಿದೆವು, ಅಡ್ವಾನ್ಸೂ ಕೊಟ್ಟಿದ್ದಾರೆ. ಸೋಮವಾರದಿಂದ ಹುಡುಗರು ಅಲ್ಲಿ ಗುಂಡಿ ತೆಗೆಯುತ್ತಾರೆ, ಸಾಲಿಗೆ ಹಗ್ಗ ಹಿಡಿಯುವವ ನಾನು.