ಮೂಗು ಕಟ್ಟಿದ ತಿಂಗಳುಗಳು

ನವೆಂಬರ್ 18, ಮೈಸೂರು

ಎಡ ಮಗ್ಗುಲಿಗೆ ಮಲಗು ಅಂತಾರೆ ಎಲ್ಲರೂ. ಮಲಗಿದರೆ ಎಡ ಹೊಳ್ಳೆ ಮುಚ್ಚಿಕೊಳ್ಳುತ್ತೆ. ಬಲಕ್ಕೆ ಹೊರಳಿದರೆ ಸ್ವಲ್ಪ ಹೊತ್ತಿಗೆ ಆ ಕಡೆಯದು. ಆರು ತಿಂಗಳು ತುಂಬಿದ ಹೊಟ್ಟೆ ಹೊತ್ತು ಹೊರಳುವುದೇ ಒಂದು ಕೆಲಸ. ಬೆಳಗಾಗುವಷ್ಟರಲ್ಲಿ ಬಾಯಲ್ಲಿ ಉಸಿರಾಡಿ ಗಂಟಲು ಹಪ್ಪಳ.

ಸೀನಿಲ್ಲ, ಜ್ವರವಿಲ್ಲ, ಮೂಗು ಸೋರುವುದೂ ಇಲ್ಲ. ಆದರೂ ಅತ್ತೆಯ ಪ್ರಕಾರ ಇದು ಶೀತ, ಕಾರಣ ನಾನು ತಿಂದ ಸೀಬೆಹಣ್ಣು. ಅಮ್ಮನ ಪ್ರಕಾರ ಹೊತ್ತು ಮುಳುಗಿದ ಮೇಲೆ ಮಾಡಿದ ತಲೆಸ್ನಾನ. ದೊಡ್ಡಪತ್ರೆ ರಸ, ಮೆಣಸಿನ ಕಷಾಯ ಎರಡೂ ಆದವು. ಕಷಾಯದಿಂದ ಎದೆಯುರಿ ಬಂತು, ಮೂಗು ಬಿಡಲಿಲ್ಲ.

ನವೆಂಬರ್ 21

ಇವರು ಮೆಡಿಕಲ್ ಶಾಪಿನಿಂದ ಮೂಗಿಗೆ ಬಿಡುವ ಡ್ರಾಪ್ಸ್ ತಂದರು. ಅಕ್ಕ ಫೋನಿನಲ್ಲೇ ಕೂಗಿದಳು, “ಅದನ್ನ ಮುಟ್ಟಬೇಡ್ವೇ!” ಅವಳ ಬಸುರಿನಲ್ಲಿ ಆದ ಕಥೆ ಮನೆಯವರಿಗೆಲ್ಲ ಗೊತ್ತು. ಆಕ್ಸಿಮೆಟಾಜೊಲಿನ್ ಎರಡು ಹನಿ ಬಿಟ್ಟರೆ ಮೂಗಿನೊಳಗಿನ ರಕ್ತನಾಳ ಕುಗ್ಗಿ ದಾರಿ ತೆರೆಯುತ್ತೆ. ಹಾಗೇ ದಿನಗಟ್ಟಲೆ ಬಿಟ್ಟುಕೊಂಡರೆ, ಔಷಧ ಇಳಿದಾಗಲೆಲ್ಲ ಮೊದಲಿಗಿಂತ ಹೆಚ್ಚು ಊದುತ್ತೆ, ಮತ್ತೆ ಹನಿ ಬೇಕು. ಮಗ ಅಂಬೆಗಾಲಿಡುವ ತನಕ ಅಕ್ಕನ ದಿಂಬಿನ ಕೆಳಗೆ ಆ ಬಾಟಲಿ ಇತ್ತು. ನಮ್ಮದು ಸೀಲ್ ಒಡೆಯದೆ ಬೀರುವಿನ ಮೇಲೆ ಕೂತಿದೆ.

ನವೆಂಬರ್ 25

ಡಾಕ್ಟರಮ್ಮ ಟಾರ್ಚ್ ಹಿಡಿದು ಎರಡೂ ಹೊಳ್ಳೆ ನೋಡಿದರು. “ಶೀತ ಅಲ್ಲಮ್ಮ, ಬಸುರಿನ ಮೂಗು ಇದು” ಅಂದರು. ಸುಮಾರು ಐವರಲ್ಲಿ ಒಬ್ಬರಿಗೆ ಹೀಗಾಗುತ್ತಂತೆ. ಹಾರ್ಮೋನು ಏರಿದೆ, ಮೈಯ ರಕ್ತದ ಪ್ರಮಾಣವೇ ಹೆರಿಗೆ ಹೊತ್ತಿಗೆ ಶೇಕಡಾ 40–50ರಷ್ಟು ಹೆಚ್ಚುತ್ತೆ, ಮೂಗಿನೊಳಗಿನ ತೆಳು ಪೊರೆ ಊದಿಕೊಳ್ಳುತ್ತೆ. ಹೆರಿಗೆಯಾಗಿ ಎರಡು ವಾರದೊಳಗೆ ತಾನೇ ಹೋಗುತ್ತೆ. ಪಾಪ, ಸೀಬೆಹಣ್ಣಿನದೇನೂ ತಪ್ಪಿಲ್ಲ.

ಆಮೇಲೆ ಕೇಳಿದರು, “ಗೊರಕೆ ಇದೆಯಾ?” ನಾನು ಇಲ್ಲ ಅನ್ನುವಷ್ಟರಲ್ಲಿ ಇವರು “ಇದೆ ಮೇಡಂ, ಪಕ್ಕದ ರೂಮಿಗೂ ಕೇಳುತ್ತೆ” ಅಂದುಬಿಟ್ಟರು. ನನಗೆ ನಾಚಿಕೆ, ಡಾಕ್ಟರಮ್ಮನಿಗೆ ನಗು ಬರಲಿಲ್ಲ. ಬಸುರಿನಲ್ಲಿ ಹೊಸದಾಗಿ ಗೊರಕೆ ಶುರುವಾದವರಲ್ಲಿ ಬಿಪಿ ಏರುವ ಸಂಭವ ಹೆಚ್ಚು. ಪಟ್ಟಿ ಕಟ್ಟಿ ನೋಡಿದರು, 116/74. ಪ್ರತಿ ಸಲ ನೋಡಿಸು, ನಿದ್ದೆಯಲ್ಲಿ ಉಸಿರು ನಿಂತಂತೆ ಅನ್ನಿಸಿದರೆ, ತಲೆನೋವು ಬಂದು ಕಣ್ಣು ಮಂಜಾದರೆ ತಡ ಮಾಡದೆ ಬಾ ಅಂದರು. ಇಷ್ಟು ದಿನ ಮನೆಯಲ್ಲಿ ನಡೆದ ಮಾತುಕತೆಯಲ್ಲಿ ಈ ಒಂದು ವಿಷಯ ಯಾರ ಬಾಯಲ್ಲೂ ಬಂದಿರಲಿಲ್ಲ.

ಡಿಸೆಂಬರ್ 3

ರಾತ್ರಿಯ ಶಾಸ್ತ್ರ ಹೀಗಿದೆ. ಕುದಿಸಿ ಆರಿಸಿದ ನೀರು ಒಂದು ಲೋಟ, ಕಾಲು ಟೀ ಚಮಚ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ನಲ್ಲಿ ನೀರು ಸುತರಾಂ ಬೇಡ. ಬೇಸಿನ್ ಮೇಲೆ ಬಗ್ಗಿ, ತಲೆ ಓರೆ ಮಾಡಿ, ಬಾಯಿ ತೆರೆದು ಮೇಲಿನ ಹೊಳ್ಳೆಗೆ ಮೆಲ್ಲಗೆ ಹುಯ್ಯಬೇಕು. ಮೊದಲು ಹಣೆಯೊಳಗೆ ಚುರ್ ಅನ್ನುತ್ತೆ, ಆಮೇಲೆ ಕೆಳಗಿನ ಹೊಳ್ಳೆಯಿಂದ ನೀರು ಸೊರ್ರನೆ ಇಳಿಯುತ್ತೆ. ಇವರು ಬಾಗಿಲಲ್ಲಿ ನಿಂತು ನೋಡುತ್ತಾರೆ, ಅದು ನನಗೆ ಇಷ್ಟವಿಲ್ಲ.

ಮಂಚದ ತಲೆಯ ಕಡೆ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟಾಯಿತು. ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆದು ಬಂದರೆ ಒಂದು ಗಂಟೆ ಮೂಗು ಹಗುರ. ಆವಿಗೆ ಬರೀ ನೀರು, ಪಾತ್ರೆ ಮೇಜಿನ ಮೇಲೆ. ಮಂಚದ ಮೇಲೆ ಇಟ್ಟುಕೊಂಡು ಹೊಟ್ಟೆ ಸುಟ್ಟುಕೊಳ್ಳುವ ಧೈರ್ಯ ನನಗಿಲ್ಲ. ಇದ್ಯಾವುದರಿಂದಲೂ ಪೂರ್ತಿ ವಾಸಿಯಾಗಿಲ್ಲ. ಮೂರು ಗಂಟೆ ಒಂದೇ ಸಮ ನಿದ್ದೆ ಬರುತ್ತಿದೆ, ಸಾಕು.

ಡಿಸೆಂಬರ್ 11

ಧನುರ್ಮಾಸ ಹಿಡಿಯುವ ಮೊದಲೇ ಸೀಮಂತ ಮುಗಿಸಿದರು. ಹಸಿರು ಬಳೆ, ಮೊಗ್ಗಿನ ಜಡೆ. ಬಂದವರೆಲ್ಲ “ಆಹಾ, ಏನು ಘಮ!” ಅಂದರು. ನನಗೆ ತಲೆಯ ಭಾರವೊಂದೇ ಗೊತ್ತಾಯಿತು. ಸಜ್ಜಪ್ಪದಲ್ಲಿ ಸಿಹಿ ಇತ್ತು, ಏಲಕ್ಕಿ ಇರಲಿಲ್ಲ. ಹಾಕಿದ್ದೆ ಅಂತ ಅಮ್ಮ ಆಣೆ ಮಾಡಿದಳು.

ಫೆಬ್ರವರಿ 27, ಹಾಸನ

ಹೆಣ್ಣುಮಗು. ಹೆರಿಗೆಯಾದ ನಾಲ್ಕಾರು ದಿನಕ್ಕೆ ಎರಡೂ ಹೊಳ್ಳೆ ತೆರೆದವು. ಮೊದಲು ಹತ್ತಿದ್ದು ಅಡುಗೆಮನೆಯಲ್ಲಿ ಸೀದ ಹಾಲಿನ ವಾಸನೆ.

ಈಗ ಮಗಳ ಮೂಗು ಗೊರಗೊರ ಅನ್ನುತ್ತಿದೆ. ಎಳೆಗೂಸು ಮೂಗಿನಲ್ಲೇ ಉಸಿರಾಡುವುದು, ಬಾಯಿಯ ಉಪಾಯ ಅದಕ್ಕಿನ್ನೂ ಸರಿಯಾಗಿ ಬರದು. ಅಮ್ಮ ಸಾಂಬ್ರಾಣಿ ಹೊಗೆಗೆ ಕೆಂಡ ತಂದಳು. “ನಿನಗೂ ನಿನ್ನಕ್ಕಂಗೂ ಹಾಕಿದ್ದೆನಲ್ಲೇ” ಅಂದಳು. ಬೇಡಮ್ಮ ಅಂದೆ. ಕೋಪ ಬಂದಿದೆ ಅವಳಿಗೆ. ಬರಲಿ, ಈ ಕೋಣೆಗೆ ಹೊಗೆ ಬರುವುದಿಲ್ಲ.